ಕೆಂಚಿ ಕೊಲ್ಲಬೇಕಾಗಿದ್ದ ಬಾಗಿಲುಗಾರ

ಪಲ್ಲಡಂನಿಂದ ತಿರುಪ್ಪೂರಿಗೆ ಹೋಗುವ ಆ ಬನಿಯನ್ ಕಂಪನಿಯ ವ್ಯಾನಿನಲ್ಲಿ ಕಥೆ ಶುರುವಾದದ್ದು ಹಾಡಿನ ಪೆಟ್ಟಿಗೆ ಕೆಟ್ಟಿದ್ದರಿಂದ. ಹನ್ನೊಂದು ಹೆಂಗಸರು, ಮುಕ್ಕಾಲು ಗಂಟೆಯ ದಾರಿ, ಹಾಡಿಲ್ಲ. ಮೊದಲ ದಿನ ಎಲ್ಲರೂ ಸೇರಿ ಅತ್ತೆಯರನ್ನು ಬೈದರು. ಎರಡನೆಯ ದಿನ ಸೂಪರ್‌ವೈಸರನ್ನು ಬೈದರು. ಮೂರನೆಯ ದಿನ ಬೈಯಲು ಯಾರೂ ಉಳಿಯದೆ, ಮುಂದಿನ ಸೀಟಿನ ಸಾಂತಿಯಕ್ಕ ಹಿಂದಕ್ಕೆ ತಿರುಗಿ, "ಏ ಇಲಕ್ಕಿಯಾ, ನಿಮ್ಮಪ್ಪ ಅಷ್ಟು ಕಥೆ ಹೇಳೋರಲ್ಲ, ನಿನಗೆ ಒಂದಾದ್ರೂ ನೆನಪಿಲ್ಲವಾ?" ಎಂದು ಕೇಳಿದಳು.

ಇಲಕ್ಕಿಯಾಗೆ ಆಗ ಇಪ್ಪತ್ತಮೂರು. ಚೆಕಿಂಗ್ ಸೆಕ್ಷನ್ನಿನಲ್ಲಿ ಕೆಲಸ. ಟೀ ಶರ್ಟುಗಳನ್ನು ಟ್ಯೂಬ್‌ಲೈಟಿನ ಕೆಳಗೆ ಹರಡಿ ತೂತು, ಕಲೆ, ತಪ್ಪಿದ ಹೊಲಿಗೆ ಹುಡುಕುವುದು. ಅವಳ ಅಪ್ಪ ಕುಮರೇಶನ್ ಪಲ್ಲಡಂನಲ್ಲೇ ಪವರ್‌ಲೂಮ್ ಓಡಿಸುತ್ತಿದ್ದವರು. ಕರೆಂಟು ಹೋಗಿ ಮಗ್ಗಗಳೆಲ್ಲ ಗಪ್ಪೆಂದಾಗ ಮಗಳನ್ನು ನೂಲಿನ ಮೂಟೆಯ ಮೇಲೆ ಕೂರಿಸಿಕೊಂಡು ಕಥೆ ಹೇಳುವರು. ಕರೆಂಟು ಬಂದರೆ ರಾಜಕುಮಾರ ಎಲ್ಲಿದ್ದನೋ ಅಲ್ಲೇ ನಿಲ್ಲಬೇಕು. ಹಾಗಾಗಿ ಅವಳ ಬಾಲ್ಯದಲ್ಲಿ ಎಷ್ಟೋ ರಾಜಕುಮಾರರು ಮರದ ಮೇಲೆ, ಬಾವಿಯೊಳಗೆ, ಮೊಸಳೆಯ ಬಾಯಿಯ ಮುಂದೆ ದಿನಗಟ್ಟಲೆ ಕಾದಿದ್ದರು. ಆ ಅಪ್ಪ ತೀರಿಕೊಂಡು ಆಗಲೇ ಎರಡು ವರ್ಷವಾಗಿತ್ತು.

"ಅಪ್ಪನ ಕಥೆ ಬೇಡಕ್ಕ. ನಾನೇ ಒಂದು ಹೇಳ್ತೀನಿ" ಎಂದಳು ಇಲಕ್ಕಿಯಾ.

ವ್ಯಾನಿನಲ್ಲಿ ಎಂಟು ಮಂದಿ ಬೇರೆ ಬೇರೆ ಬೀದಿಗಳ ನೇಕಾರರ ಮನೆಯವರು, ಇಲಕ್ಕಿಯಾಳ ಬೀದಿಯಿಂದ ಅವಳೊಬ್ಬಳೇ. ಹೊಸ್ತಿಲ ಒಳಗೆ ಕನ್ನಡ, ಹೊರಗೆ ಕಾಲಿಟ್ಟರೆ ತಮಿಳು. ಕನ್ನಡ ಅಕ್ಷರ ಒಬ್ಬರಿಗೂ ಬಾರದು. ಇಬ್ಬರು ತಮಿಳಿನವರಿಗೆ ಕೇಳಿ ಕೇಳಿ ಎಲ್ಲ ತಿಳಿಯುತ್ತಿತ್ತು. ಹನ್ನೊಂದನೆಯವಳು ಹುಲಿಗೆಮ್ಮ. ಕೊಪ್ಪಳದ ಕಡೆಯಿಂದ ಗಂಡನ ಜೊತೆ ಕೆಲಸಕ್ಕೆ ಬಂದು ಒಂದು ವರ್ಷವಾಗಿತ್ತು. ಇವರ ಮಾತು ಕೇಳಿ ಅವಳು, "ನಿಮ್ಮ ಕನ್ನಡಕ್ಕ ಯಾರ್ರೀ ಇಷ್ಟು ತಮಿಳಿನ ಒಗ್ಗರಣಿ ಹಾಕ್ಯಾರ?" ಎಂದು ನಗುತ್ತಿದ್ದಳು. ಅವಳ ಮಾತು ಕೇಳಿ ಇವರು ನಗುತ್ತಿದ್ದರು. ಕಥೆ ಕೇಳುವುದಕ್ಕೆ ಮಾತ್ರ ಎಲ್ಲರ ಕಿವಿಯೂ ಒಂದೇ ಆಯಿತು.

ಇಲಕ್ಕಿಯಾ ಹೇಳಿದ್ದು ಮೋಡದೂರಿನ ಕಥೆ. ಬೆಟ್ಟದ ನೆತ್ತಿಯ ಮೇಲೆ ಏಳು ಸುತ್ತಿನ ಕೋಟೆ. ಅಲ್ಲಿಯ ಜನ ಮಗ್ಗದಲ್ಲಿ ಮೋಡ ನೇಯುತ್ತಾರೆ. ಬಿಳಿದು ಮದುವೆಮನೆಗಳ ಮೇಲೆ ಹಾಸುವುದಕ್ಕೆ, ಕರಿದು ಕೆಳಗಿನ ಹೊಲಗಳಿಗೆ ಮಳೆ ಸುರಿಸುವುದಕ್ಕೆ. ಅವರಲ್ಲೆಲ್ಲ ಜಾಣ ನೇಕಾರನಿಗೆ ಕೆಂಚಿ ಎಂಬ ಹದಿನಾರು ವರ್ಷದ ಮಗಳು. ಒಂದು ದಿನ ಅಪ್ಪ ಕೋಟೆಯ ಹೊರಗೆ ನೂಲು ಒಣಗಿಸುತ್ತಿರುವಾಗ ಬೆಂಕಿರೆಕ್ಕೆಯ ಹದ್ದು ಎರಗಿತು. ಅವನು ಓಡಿ ಬಂದು ಕೋಟೆಯ ಬಾಗಿಲು ತಟ್ಟಿದ. ಬಾಗಿಲು ತೆರೆಯಲಿಲ್ಲ. ಅಪ್ಪ ಉರಿದುಹೋದ. ಕೆಂಚಿ ಅಳಲಿಲ್ಲ. ಅಪ್ಪ ಅರ್ಧ ನೇಯ್ದು ಬಿಟ್ಟಿದ್ದ ಮೋಡವನ್ನು ಸೊಂಟಕ್ಕೆ ಕಟ್ಟಿಕೊಂಡಳು. ಅವನ ಕಬ್ಬಿಣದ ಲಾಳಿಯನ್ನು ಕಲ್ಲಿಗೆ ಉಜ್ಜಿ ಉಜ್ಜಿ ಕತ್ತಿ ಮಾಡಿಕೊಂಡಳು. ಬಾಗಿಲು ತೆಗೆಯದವನು ಯಾರೋ ಅವನನ್ನು ಹುಡುಕಿ ಕೊಲ್ಲುತ್ತೇನೆ ಎಂದು ಹೊರಟಳು.

"ಯಾರು ತೆಗೀಲಿಲ್ಲ?" ಎಂದು ಸಾಂತಿಯಕ್ಕ ಕೇಳುವಷ್ಟರಲ್ಲಿ ಕಂಪನಿಯ ಗೇಟು ಬಂತು.

ಅಂದಿನಿಂದ ವ್ಯಾನಿನಲ್ಲಿ ಬೇರೆ ಮಾತಿಲ್ಲ. ಕೆಂಚಿ ನದಿ ದಾಟಿದಳು. ಮಾತಾಡುವ ಕತ್ತೆಯೊಂದು ಜೊತೆಗೆ ಬಂತು. ಆ ಕತ್ತೆ ಸುಳ್ಳು ಹೇಳಿದಾಗೆಲ್ಲ ಅದರ ಕಿವಿ ಉದ್ದವಾಗುತ್ತಿತ್ತು. ಅರುಳ್‌ಪುರಂ ದಾಟುವ ಹೊತ್ತಿಗೆ ನೆಲಕ್ಕೆ ತಾಗುತ್ತಿತ್ತು. ಹಾಡಿನ ಪೆಟ್ಟಿಗೆ ರಿಪೇರಿಯಾಗಿ ಬಂದ ದಿನ ಡ್ರೈವರ್ ಲೋಗನಾಥನ್ ಖುಷಿಯಿಂದ ಅದನ್ನು ಹಾಕಿದರೆ, ಹನ್ನೊಂದು ಮಂದಿಯೂ ಒಟ್ಟಿಗೆ "ಆಫ್ ಮಾಡು!" ಎಂದು ಕೂಗಿದರು. ಪಾಪ, ರಿಪೇರಿ ಮಾಡಿಸಿದವನು ಅವನೇ.

ಬಾಗಿಲು ತೆಗೆಯದವನು ಯಾರು ಎಂಬುದನ್ನು ಮಾತ್ರ ಇಲಕ್ಕಿಯಾ ಹೇಳಿರಲಿಲ್ಲ. ಅವಳಿಗೆ ಗೊತ್ತಿತ್ತು. ಆದರೆ ಆ ಮುಖವನ್ನು ಬಾಯಿಗೆ ತಂದುಕೊಳ್ಳಲು ಇಷ್ಟವಿರಲಿಲ್ಲ.

ಆ ಮುಖ ಅಂಗಪ್ಪನ್‌ನದು. ಅಪ್ಪನ ಜೀವದ ಗೆಳೆಯ. ಎರಡು ಮನೆ ಆಚೆಗಿದ್ದವನು, ಸ್ವಂತ ಟ್ಯಾಕ್ಸಿ ಓಡಿಸುತ್ತಿದ್ದವನು. ಕೋಣದ ಕೊಂಬಿನಂಥ ಮೀಸೆ, ಬೀದಿಯ ಕೊನೆಗೆ ಕೇಳುವ ನಗು. ಇಲಕ್ಕಿಯಾ ಅವನ ಹೆಗಲ ಮೇಲೆ ಕೂತು ಬೆಳೆದವಳು. ಅಪ್ಪನಿಗೆ ಎದೆನೋವು ಬಂದ ದಿನ, ಬೆಳಗಿನ ಹನ್ನೊಂದು ಗಂಟೆಗೆ, ಅಪ್ಪ ಮೊದಲು ಫೋನ್ ಮಾಡಿದ್ದು ಅವನಿಗೆ. ಮೂರು ಸಲ ಮಾಡಿದ್ದರು. ಅವನು ಎತ್ತಲಿಲ್ಲ. ಅಕ್ಕಪಕ್ಕದವರು ಆಟೋ ಹುಡುಕಿ ತರುವಷ್ಟರಲ್ಲಿ ಹೊತ್ತು ಮೀರಿತ್ತು. ಅಷ್ಟೇ ಆಗಿದ್ದರೆ ಏನೋ. ಅಂಗಪ್ಪನ್ ಸಾವಿಗೂ ಬರಲಿಲ್ಲ, ಹನ್ನೊಂದನೆಯ ದಿನಕ್ಕೂ ಬರಲಿಲ್ಲ. ಮನೆಗೆ ಬೀಗ ಹಾಕಿ ತೊಂಡಾಮುತ್ತೂರಿನ ಅಕ್ಕನ ತೋಟಕ್ಕೆ ಹೋಗಿಬಿಟ್ಟನಂತೆ ಎಂದು ಬೀದಿಯವರು ಹೇಳಿದರು. ಅಪ್ಪನ ಫೋನು ಈಗಲೂ ಇಲಕ್ಕಿಯಾಳ ಹತ್ತಿರವೇ ಇತ್ತು. ಅದರಲ್ಲಿ ಆ ಮೂರು ಕರೆಗಳು ಹಾಗೆಯೇ ಇದ್ದವು.

ಕಥೆ ಶುರುವಾಗಿ ಒಂದೂವರೆ ತಿಂಗಳಿಗೆ ಲೋಗನಾಥನ್ ಸ್ವಂತ ಗೂಡ್ಸ್ ಆಟೋ ತೆಗೆದುಕೊಂಡು ಕೆಲಸ ಬಿಟ್ಟ. ಸೋಮವಾರ ಬೆಳಿಗ್ಗೆ ವ್ಯಾನು ಬಂದು ನಿಂತಾಗ ಸ್ಟಿಯರಿಂಗ್ ಹಿಂದೆ ಹೊಸ ಡ್ರೈವರ್. ಮೀಸೆ ಬೋಳಿಸಿದ್ದ. ಕೆನ್ನೆ ಒಳಕ್ಕೆ ಹೋಗಿತ್ತು. ಆದರೂ ಇಲಕ್ಕಿಯಾಗೆ ಒಂದು ಕ್ಷಣ ಸಾಕಾಯಿತು. ಅಂಗಪ್ಪನ್.

ಅವನೂ ಅವಳನ್ನು ನೋಡಿದ. ಬಾಯಿ ತೆರೆದು, ಮುಚ್ಚಿ, "ಹತ್ತಮ್ಮಣಿ, ಹೊತ್ತಾಯ್ತು" ಎಂದಷ್ಟೇ ಹೇಳಿದ.

ಇಲಕ್ಕಿಯಾ ಹತ್ತಿದಳು. ಇಳಿದು ಬಸ್ಸಿನಲ್ಲಿ ಹೋಗೋಣವೆನ್ನಿಸಿತು, ಊಟದ ಡಬ್ಬಿ ತೆಗೆದು ಅವನ ತಲೆಯ ಮೇಲೆ ಕುಟ್ಟೋಣವೆನ್ನಿಸಿತು. ಡಬ್ಬಿಯಲ್ಲಿ ಅಮ್ಮ ಟೊಮೇಟೊ ಹಾಕಿ ಮಾಡಿದ ತಕ್ಕಾಳಿ ಅನ್ನವಿತ್ತು, ಅದೊಂದೇ ಅಡ್ಡ ಬಂತು. ಅಷ್ಟರಲ್ಲಿ ಸಾಂತಿಯಕ್ಕ, "ಹೇಳು ಹೇಳು, ಶನಿವಾರ ಕೆಂಚಿ ಮಾಯದ ಕನ್ನಡಿ ಮುಂದೆ ನಿಂತಿದ್ಳು" ಎಂದಳು.

ಇಲಕ್ಕಿಯಾ ಗಂಟಲು ಸರಿಮಾಡಿಕೊಂಡಳು. ಸ್ವರ ಡ್ರೈವರಿನ ಸೀಟಿನವರೆಗೂ ಮುಟ್ಟುವಂತೆ ಎತ್ತರಿಸಿದಳು.

"ಆ ಕನ್ನಡೀಲಿ ಕೆಂಚಿಗೆ ಬಾಗಿಲುಗಾರನ ಮುಖ ಕಾಣಿಸ್ತು. ಅವನ ಹೆಸರು ಬೈರ. ಕೋಣದ ಕೊಂಬಿನಂಥ ಮೀಸೆ. ಅವನು ನಕ್ಕರೆ ಏಳು ಸುತ್ತಿನ ಕೋಟೆಗೂ ಕೇಳ್ತದೆ. ಕೆಂಚಿಯ ಅಪ್ಪ ಅವನನ್ನು ಒಡಹುಟ್ಟಿದವನು ಅಂತ ನಂಬಿದ್ದ. ಅಪ್ಪ ಮೂರು ಸಲ ಬಾಗಿಲು ತಟ್ಟಿದ. ಒಂದು. ಎರಡು. ಮೂರು. ಬೈರ ಒಳಗೇ ಇದ್ದ. ತೆಗೀಲಿಲ್ಲ."

ವ್ಯಾನಿನಲ್ಲಿ ಶಾಪಗಳ ಮಳೆ ಸುರಿಯಿತು. ಇಲಕ್ಕಿಯಾ ಮುಂದಿನ ಕನ್ನಡಿಯಲ್ಲಿ ಅವನ ಕಣ್ಣು ಹುಡುಕಿದಳು. ಅವನು ರಸ್ತೆ ನೋಡುತ್ತಿದ್ದ. ಎರಡು ದಿನ ತುಟಿ ಎರಡು ಮಾಡಲಿಲ್ಲ. ಚುಚ್ಚಿತು, ಸರಿಯಾಗಿ ಚುಚ್ಚಿತು ಎಂದು ಇಲಕ್ಕಿಯಾ ಒಳಗೊಳಗೇ ಹಿಗ್ಗಿದಳು.

ಮೂರನೆಯ ದಿನ ನಡೆದದ್ದೇ ಬೇರೆ. ವೀರಪಾಂಡಿ ಪಿರಿವಿನ ಕವಲುದಾರಿಯ ಟ್ರಾಫಿಕ್ಕಿನಲ್ಲಿ ನಿಂತಿದ್ದಾಗ, ಬೈರ ತನ್ನ ಮೀಸೆಗೆ ಹಂದಿಕೊಬ್ಬು ಹಚ್ಚಿಕೊಳ್ಳುತ್ತಾನೆ ಎಂದು ಇಲಕ್ಕಿಯಾ ಹೇಳಿದ್ದೇ ತಡ, ಡ್ರೈವರ್ ಸ್ಟಿಯರಿಂಗ್ ಮೇಲೆ ಗುದ್ದಿ ಕೂಗಿದ: "ಥೂ! ಇಂಥ ನಾಯಿನ ಸುಮ್ಮನೆ ಬಿಡಬಾರದು ಅಮ್ಮಣಿ! ಮೊದಲು ಆ ಮೀಸೆ ಕಿತ್ತು ಹಾಕೋಕೆ ಹೇಳು ಕೆಂಚಿಗೆ!"

ಹೆಂಗಸರಿಗೆ ಭಾರೀ ಸಂತೋಷವಾಯಿತು. ಲೋಗನಾಥನ್ ಎಂದೂ ಕಥೆಗೆ ಹೂಂಗುಟ್ಟಿದವನಲ್ಲ. ಈ ಡ್ರೈವರಣ್ಣ ರಸಿಕ ಎಂದು ಎಲ್ಲರೂ ಒಪ್ಪಿದರು. ಇಲಕ್ಕಿಯಾ ಮಾತ್ರ ಬಾಯಿ ತೆರೆದು ಕೂತಳು. ಇವನಿಗೆ ಗೊತ್ತಾಗಲಿಲ್ಲವಾ? ಇಷ್ಟು ದಪ್ಪ ಚರ್ಮವಾ?

ಅವಳಿಗೆ ಹಟ ಹುಟ್ಟಿತು. ಮರುದಿನ ಬೈರನಿಗೆ ಎಡಗಡೆಯ ಕೋರೆಹಲ್ಲು ಮುರಿದಿತ್ತು, ಅಂಗಪ್ಪನ್‌ನದೂ ಮುರಿದಿತ್ತು. ಅದರ ಮರುದಿನ ಬೈರ ಮಾತು ಮಾತಿಗೂ ಬೆರಳು ನೆಟಿಗೆ ಮುರಿಯತೊಡಗಿದ. ವಾರದ ಕೊನೆಗೆ ಬೈರನಿಗೆ ಹಸಿರು ಶಾಲು, ತುಸು ಕುಂಟುವ ನಡಿಗೆ, ಊಟವಾದ ಮೇಲೆ ಮೂರು ಬಾಳೆಹಣ್ಣು ತಿನ್ನುವ ಚಟ, ಎಲ್ಲ ಬಂತು. ಬಾಗಿಲುಗಾರನಿಗೆ ಒಂದು ಟ್ಯಾಕ್ಸಿ ಕೊಡುವುದೊಂದೇ ಬಾಕಿ. ಅಂಗಪ್ಪನ್ ಮಾತ್ರ ಗೇರು ಬದಲಿಸುತ್ತ, "ಕೊಲ್ಲಬೇಕು, ಇವನನ್ನು ಕೊಲ್ಲಲೇಬೇಕು" ಎನ್ನುತ್ತಿದ್ದ. ಒಂದು ದಿನ ಹೇಗೆ ಕೊಲ್ಲಬೇಕೆಂಬ ಚರ್ಚೆಯೇ ಎದ್ದಿತು. ಸಾಂತಿಯಕ್ಕ ಎಣ್ಣೆಯ ಕೊಪ್ಪರಿಗೆ ಎಂದಳು. ತಮಿಳಿನ ಹೆಂಗಸೊಬ್ಬಳು ಆನೆಯ ಕಾಲು ಎಂದಳು. ಡ್ರೈವರ್ ಎಲ್ಲವನ್ನೂ ಕೇಳಿ, "ಬೇಡ, ಅಷ್ಟು ಶೀಘ್ರ ಸಾಯಬಾರದು" ಎಂದ.

ಸುಮ್ಮನಿದ್ದವಳು ಹುಲಿಗೆಮ್ಮ ಒಬ್ಬಳೇ. ಕಿಟಕಿಯ ಹೊರಗೆ ನೋಡುತ್ತಿದ್ದವಳು ತಟ್ಟನೆ ಕೇಳಿದಳು: "ಕೊಲ್ತಾಳ, ಖರೆ. ಮರುದಿನ ಮುಂಜಾನಿ ಎದ್ದು ಏನ್ ಮಾಡ್ತಾಳಂತ ಆಕಿ?"

"ಏನು ಮಾಡ್ತಾಳೆ? ಖುಷಿಯಾಗಿ ಇರ್ತಾಳೆ" ಎಂದಳು ಸಾಂತಿಯಕ್ಕ.

"ಹಂಗಲ್ಲ ಯಕ್ಕಾ. ದಿನಾ ಎದ್ದ ಕೂಡ್ಲೆ ಲಾಳಿ ಮಸೀತಿದ್ಲು. ಆ ಬೈರನ್ನ ನೆನೆಸ್ಕೊಂಡ ಉಣ್ತಿದ್ಲು, ಅವನ್ನ ನೆನೆಸ್ಕೊಂಡ ಮಲಗ್ತಿದ್ಲು. ಅವ ಸತ್ತ ಮ್ಯಾಲ ಯಾರನ್ನ ನೆನೀತಾಳ?"

"ಅಪ್ಪನ್ನ ನೆನೀತಾಳೆ" ಎಂದಳು ಇಲಕ್ಕಿಯಾ ಒರಟಾಗಿ.

"ಈಗ ನೆನೀತಾಳೇನು? ಎರಡ ತಿಂಗಳಾಗಾಕ ಬಂತು, ಆಕಿ ಅಪ್ಪ ಎಂಥವ ಇದ್ದ, ಏನ್ ಉಣ್ತಿದ್ದ, ಹೆಂಗ ನಗ್ತಿದ್ದ, ನಮಗೊಂದೂ ಗೊತ್ತಿಲ್ಲ. ಬೈರ ಎಷ್ಟ ಬಾಳಿಹಣ್ಣ ತಿಂತಾನ ಅನ್ನೂದ ಗೊತ್ತದ."

ಎಲ್ಲರೂ ನಕ್ಕರು. ಇಲಕ್ಕಿಯಾಗೆ ನಗು ಬರಲಿಲ್ಲ. ಅಂದು ಇಡೀ ದಿನ ಚೆಕಿಂಗ್ ಟೇಬಲ್ಲಿನ ಮುಂದೆ ನಿಂತು ಅಪ್ಪನ ಮುಖ ತಂದುಕೊಳ್ಳಲು ನೋಡಿದಳು. ನೂಲಿನ ಮೂಟೆ ಬಂತು, ಮಗ್ಗದ ಸದ್ದು ಬಂತು. ಅಪ್ಪ ಬರುವ ಜಾಗಕ್ಕೆ ಪ್ರತಿ ಸಲವೂ ಆ ಮೂರು ಕರೆಗಳು ಬಂದು ಕೂತವು. ಎರಡು ಹರಿದ ಶರ್ಟು ನೋಡದೆ ಪಾಸು ಮಾಡಿ ಸೂಪರ್‌ವೈಸರ್ ಹತ್ತಿರ ಬೈಸಿಕೊಂಡಳು.

ಆಮೇಲೆ ಕಥೆ ಎಳೆಯತೊಡಗಿತು. ಬೈರ ಕೋಟೆ ಬಿಟ್ಟು ಓಡಿಹೋಗಿ ಅಡಗಿದ್ದ ಗುಹೆಯ ಹತ್ತಿರ ಕೆಂಚಿ ಬರುತ್ತಾಳೆ, ದಾರಿ ತಪ್ಪುತ್ತಾಳೆ. ಮತ್ತೆ ಬರುತ್ತಾಳೆ, ಕತ್ತೆಗೆ ಜ್ವರ ಬರುತ್ತದೆ. ಕತ್ತೆಯ ಕಷಾಯಕ್ಕೆ ಬೇರು ತರಲು ಕೆಂಚಿ ಇನ್ನೊಂದು ಬೆಟ್ಟ ಹತ್ತುತ್ತಾಳೆ. "ಆ ಕತ್ತೆ ಸಾಯಲಿ, ನೀನು ಗುಹೆಗೆ ಹೋಗು!" ಎಂದು ಸಾಂತಿಯಕ್ಕ ರೇಗಿದಳು. ಇಲಕ್ಕಿಯಾಗೆ ಗುಹೆಯೊಳಗೆ ಕಾಲಿಡಲು ಆಗುತ್ತಿರಲಿಲ್ಲ. ಒಳಗೆ ಹೋದರೆ ಕೊಲ್ಲಬೇಕು. ಕೊಂದರೆ ಮರುದಿನ ಬೆಳಗಾಗುತ್ತದೆ.

ಹೀಗಿರುವಾಗ ಒಂದು ಗುರುವಾರ ಅರುಳ್‌ಪುರಂ ಹತ್ತಿರ ವ್ಯಾನಿನ ಟೈರು ಪಂಕ್ಚರ್ ಆಯಿತು. ಹೆಂಗಸರೆಲ್ಲ ಎದುರಿನ ಅಂಗಡಿಗೆ ಟೀ ಕುಡಿಯಲು ಹೋದರು. ಇಲಕ್ಕಿಯಾ ಹೋಗಲಿಲ್ಲ. ಅಂಗಪ್ಪನ್ ಜಾಕಿ ಹಚ್ಚಿ, ನೆಲದ ಮೇಲೆ ಕೂತು ನಟ್ಟು ಬಿಚ್ಚುತ್ತಿದ್ದ. ತಲೆ ಎತ್ತದೆಯೇ ಕೇಳಿದ:

"ಯಾವಾಗ ಕೊಲ್ತಾಳೆ ಅಮ್ಮಣಿ?"

"ಅಷ್ಟು ಅವಸರ ಏನು ನಿಮಗೆ?"

"ನಾನೇ ತಾನೆ ಸಾಯೋದು. ಅವಸರ ಇರೋದಿಲ್ಲವಾ?"

ರಸ್ತೆಯಲ್ಲಿ ಕೋಳಿ ತುಂಬಿದ ಲಾರಿಯೊಂದು ಪುಕ್ಕ ಹಾರಿಸುತ್ತ ಹೋಯಿತು.

"ಯಾವಾಗ ಗೊತ್ತಾಯ್ತು?"

"ಮೂರು ಸಲ ಬಾಗಿಲು ತಟ್ಟಿದನಲ್ಲ, ಅವತ್ತೇ." ಅವನು ನಟ್ಟನ್ನು ಅಂಗೈಯಲ್ಲಿ ಹಿಡಿದು ನೋಡುತ್ತ ಕೂತ. "ಮೀಸೆ, ಹಲ್ಲು, ಬಾಳೆಹಣ್ಣು ಎಲ್ಲ ಇಲ್ಲದಿದ್ರೂ ಗೊತ್ತಾಗ್ತಿತ್ತು. ಬಾಳೆಹಣ್ಣು ನಾನು ಎರಡೇ ತಿನ್ನೋದು."

"ಮತ್ತೆ ಕೊಲ್ಲು ಕೊಲ್ಲು ಅಂತ ಯಾಕೆ ಕೂಗ್ತಿದ್ರಿ?"

"ಎರಡು ವರ್ಷದಿಂದ ಆ ಮಾತನ್ನ ನಾನು ಒಬ್ಬನೇ ಕೂತು ಹೇಳ್ಕೊಳ್ತಿದ್ದೆ ಅಮ್ಮಣಿ. ಈ ವ್ಯಾನಲ್ಲಿ ಹತ್ತು ಜನ ನನ್ನ ಜೊತೆ ಸೇರ್ಕೊಂಡು ಹೇಳಿದ್ರು. ಏನೋ ಒಂದು ಥರ ಹಗುರ ಆಯ್ತು."

ಆಮೇಲೆ ಅವನು ತಾನು ಈ ವ್ಯಾನಿಗೆ ಹೇಗೆ ಬಂದೆನೆಂದು ಹೇಳಿದ. ಅವಳು ಕೇಳಲಿಲ್ಲ, ಅವನು ಬಿಡಲಿಲ್ಲ. ಲೋಗನಾಥನ್ ಅವನ ಅಕ್ಕನ ಮಗನಂತೆ. ಪಲ್ಲಡಂ ಹುಡುಗಿಯೊಬ್ಬಳು ವ್ಯಾನಿನಲ್ಲಿ ಕಥೆ ಹೇಳುತ್ತಾಳೆ, ಅವಳಪ್ಪ ಕುಮರೇಶನ್ ಅಂತೆ, ಎಂದು ಅವನು ತೋಟಕ್ಕೆ ಬಂದಾಗ ಹೇಳಿದ್ದನಂತೆ. ಆ ಕೆಲಸ ಖಾಲಿಯಾಗುತ್ತದೆಂದು ಗೊತ್ತಾದ ದಿನವೇ ಅಂಗಪ್ಪನ್ ಈರುಳ್ಳಿ ಹೊಲ ಬಿಟ್ಟು ಬಂದನಂತೆ, ಅವಳ ಮುಂದೆ ನಿಂತು ಒಂದು ಮಾತು ಹೇಳಬೇಕೆಂದು. ಮೊದಲ ದಿನ ಹತ್ತಮ್ಮಣಿ ಎಂದದ್ದೇ, ಮುಂದಿನ ಮಾತು ಬರಲಿಲ್ಲವಂತೆ.

"ಅವತ್ತು ಫೋನು ಯಾಕೆ ಎತ್ತಲಿಲ್ಲ?" ಇಲಕ್ಕಿಯಾ ಕೇಳಿಯೇಬಿಟ್ಟಳು.

"ಹಿಂದಿನ ಸಾಯಂಕಾಲ ನಾವಿಬ್ಬರೂ ಆಡು-ಹುಲಿ ಆಟ ಆಡಿದ್ವಿ, ನಿಮ್ಮ ಮಗ್ಗದ ಶೆಡ್ಡಿನ ಮೆಟ್ಟಿಲ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು, ಬೆಣಚುಕಲ್ಲುಗಳನ್ನ ಆಡು ಮಾಡಿ. ನಿಮ್ಮಪ್ಪ ನೀರು ಕುಡಿಯೋಕೆ ಒಳಗೆ ಹೋದ. ವಾಪಸ್ ಬಂದು, ನನ್ನ ಆಡು ಒಂದು ಕಾಣೆ, ನೀನೇ ಕದ್ದೆ ಅಂದ. ದೊಡ್ಡ ಜಗಳ ಆಯ್ತು. ಮಾರನೇ ದಿನ ನಾನು ಕಾರು ತೊಳೀತಿದ್ದೆ, ಫೋನು ಹೊಡೀತು. ಕುಮರೇಶನ್ ಅಂತ ಬಂತು. ಬೈಯೋಕೆ ಮಾಡ್ತಾನೆ, ಇನ್ನೂ ಹತ್ತು ಸಲ ಮಾಡಲಿ ಅಂತ..." ಅವನು ನಟ್ಟನ್ನು ಕೆಳಗಿಟ್ಟ. "ನಗ್ತಾ ಇದ್ದೆ ಅಮ್ಮಣಿ. ಮೂರನೇ ಸಲ ಹೊಡೆದಾಗ ನಾನು ನಗ್ತಾ ಇದ್ದೆ."

ಎರಡು ವರ್ಷ ಇಲಕ್ಕಿಯಾ ಬೇರೆ ಬೇರೆ ಕಾರಣಗಳನ್ನು ಕಲ್ಪಿಸಿದ್ದಳು. ಅವನು ಅಪ್ಪನ ಮೇಲೆ ಹಗೆ ಸಾಧಿಸಿದ, ಟ್ಯಾಕ್ಸಿಯ ಬಾಡಿಗೆ ಬಿಟ್ಟು ಬರಲು ಮನಸ್ಸಾಗಲಿಲ್ಲ, ಆಸ್ಪತ್ರೆಯ ಗೋಜು ಬೇಡವೆಂದ. ಅವುಗಳಲ್ಲಿ ಯಾವುದಾದರೂ ನಿಜವಾಗಿದ್ದರೆ ಲಾಳಿ ಎತ್ತುವುದು ಸುಲಭವಿತ್ತು. ಇದು ಹೀಗೆ ಪುಟ್ಟದಾಗಿ, ಮೆಟ್ಟಿಲ ಮೇಲಿನ ಬೆಣಚುಕಲ್ಲಿನಷ್ಟು ಪುಟ್ಟದಾಗಿ ಇರುತ್ತದೆಂದು ಅವಳು ಎಣಿಸಿರಲಿಲ್ಲ. ಸಿಟ್ಟು ಬಂತು. ಆದರೆ ಬಾಯಿಂದ ಹೊರಟ ಮಾತು ಅವಳಿಗೇ ಆಶ್ಚರ್ಯ ತಂದಿತು.

"ಆಡು ಕದ್ದಿದ್ರಾ?"

ಅಂಗಪ್ಪನ್ ತಲೆ ತಗ್ಗಿಸಿದ. "ಕದ್ದಿದ್ದೆ. ಜೇಬಲ್ಲಿತ್ತು."

ಇಲಕ್ಕಿಯಾ ಕಿಸಕ್ಕೆಂದಳು. ತಡೆದಳು, ಆಗಲಿಲ್ಲ. ವ್ಯಾನಿನ ಬಾಗಿಲಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಜಗಳವಾದ ಆ ರಾತ್ರಿ ಊಟದುದ್ದಕ್ಕೂ ಅಪ್ಪ, "ಅವನು ಕಳ್ಳ, ನನ್ನ ಆಡು ಕದ್ದ, ನೀವು ಯಾರೂ ನಂಬಲ್ಲ" ಎಂದು ಸಾಂಬಾರು ಕಲಸುತ್ತ ಗೊಣಗಿದ್ದರು. ಅಮ್ಮ, "ಐವತ್ತು ವಯಸ್ಸಾಯ್ತು, ಕಲ್ಲಿಗೆ ಜಗಳ ಆಡ್ತೀರಲ್ಲ" ಎಂದಿದ್ದಳು. ಅಪ್ಪ ಮುನಿಸಿಕೊಂಡು ಮಜ್ಜಿಗೆ ಬೇಡವೆಂದು, ಐದು ನಿಮಿಷಕ್ಕೆ ತಾವೇ ಎದ್ದು ಬಂದು ಕುಡಿದಿದ್ದರು. ಮೂಗಿನ ತುದಿಗೆ ಮಜ್ಜಿಗೆ ಅಂಟಿತ್ತು. ಎರಡು ವರ್ಷದಲ್ಲಿ ಮೊದಲ ಸಲ ಅಪ್ಪ ಇಷ್ಟು ಹತ್ತಿರ ಬಂದು ನಿಂತರು. ನಗುವಿನ ನಡುವೆಯೇ ಅವಳಿಗೆ ಅಳು ಬಂತು. ಅಂಗಪ್ಪನ್ ಏನು ಮಾಡಬೇಕೋ ತಿಳಿಯದೆ ಗ್ರೀಸು ಹತ್ತಿದ ಬಟ್ಟೆಯನ್ನೇ ಅವಳತ್ತ ಚಾಚಿದ. ಅವಳು ಅದನ್ನೇ ತೆಗೆದುಕೊಂಡು ಮುಖ ಒರೆಸಿಕೊಂಡಳು. ಟೀ ಮುಗಿಸಿ ಬಂದ ಹೆಂಗಸರು ಅವಳ ಕರಿ ಮೂತಿ ನೋಡಿ ಹೌಹಾರಿದರು.

ಅಂದು ಸಾಯಂಕಾಲ ಅಮ್ಮ ತಂಗಮಣಿ ಬೆಂಡೆಕಾಯಿ ಹೆಚ್ಚುತ್ತಿದ್ದಳು. ಇಲಕ್ಕಿಯಾ ಎದುರು ಕೂತು ಎಲ್ಲ ಹೇಳಿದಳು. ಅಮ್ಮ ಕೊನೆಯವರೆಗೂ ಈಳಿಗೆಮಣೆಯಿಂದ ಕಣ್ಣು ತೆಗೆಯಲಿಲ್ಲ.

"ಅವನು ಫೋನು ಎತ್ತಿದ್ರೆ ಅಪ್ಪ ಉಳೀತಿದ್ರಾ ಅಮ್ಮಾ?"

"ಉಳೀತಿದ್ರೇನೋ. ಇಲ್ಲವೇನೋ. ಅದನ್ನೇ ಯೋಚನೆ ಮಾಡ್ತಾ ಕೂತ್ರೆ ಒಲೆ ಮೇಲಿನ ಅನ್ನ ಸೀದು ಹೋಗ್ತದೆ ನನ್ನ ಕಣ್ಣೇ. ಮೊದಲ ಆರು ತಿಂಗಳು ಸೀಯಿಸಿದ್ದೀನಿ, ನೀನೇ ತಿಂದಿದ್ದೀಯ." ಇನ್ನೊಂದು ಬೆಂಡೆಕಾಯಿ ತೆಗೆದುಕೊಂಡಳು. "ಫೋನು ಎತ್ತದ್ದಕ್ಕೆ ನನಗೆ ಕೋಪ ಇಲ್ಲ. ನಿಮ್ಮಪ್ಪ ಮುನಿಸಿಕೊಂಡಾಗ ನನ್ನ ಫೋನು ಎಷ್ಟು ಸಲ ಎತ್ತಿಲ್ಲ. ಆದ್ರೆ ಅವನು ಸಾವಿಗೆ ಬರಲಿಲ್ಲ ನೋಡು. ಅವರಿಗೆ ಹೆಗಲು ಕೊಡೋಕೆ ಅವನು ಇರಬೇಕಿತ್ತು. ಅದನ್ನ ನಾನು ಅವನ ಮುಖಕ್ಕೇ ಕೇಳಬೇಕು. ಭಾನುವಾರ ಊಟಕ್ಕೆ ಬರೋಕೆ ಹೇಳು."

"ಊಟಕ್ಕಾ?"

"ಬೈಯೋಕೆ ಹೊತ್ತು ಬೇಕಲ್ಲ. ಖಾಲಿ ಹೊಟ್ಟೇಲಿ ಎಷ್ಟು ಬೈಯ್ಯೋದು?"

ಶುಕ್ರವಾರ ಬೆಳಿಗ್ಗೆ ವ್ಯಾನು ಹತ್ತಿದ ಕೂಡಲೇ ಇಲಕ್ಕಿಯಾ ಹೇಳಿದಳು: "ಇವತ್ತು ಕಥೆ ಮುಗೀತದೆ."

ಕೆಂಚಿ ಗುಹೆಗೆ ಹೋದಳು. ಅಲ್ಲಿ ಬೈರ ಬೆಟ್ಟದಷ್ಟು ದೊಡ್ಡವನಾಗಿರಲಿಲ್ಲ. ಮುದುಕನಾಗಿದ್ದ. ಆ ಗುಹೆಗೆ ಬಾಗಿಲೇ ಇರಲಿಲ್ಲ. ಯಾರಾದರೂ ತಟ್ಟಿಯಾರೆಂಬ ಹೆದರಿಕೆಗೆ ಅವನು ಬಾಗಿಲನ್ನು ಸೌದೆ ಮಾಡಿ ಸುಟ್ಟುಬಿಟ್ಟಿದ್ದ. ಚಳಿಯಲ್ಲಿ ನಡುಗುತ್ತಿದ್ದ. ಕೆಂಚಿ ಲಾಳಿ ಎತ್ತಿದಳು. ಅವನು ಕತ್ತು ಬಾಗಿಸಿ, "ನೀನು ಎತ್ತಿದ ರೀತಿ ನಿಮ್ಮಪ್ಪ ಎತ್ತಿದ ಹಾಗೇ ಇದೆ" ಎಂದ. ಕೆಂಚಿಯ ಕೈ ನಿಂತಿತು. ಅಪ್ಪ ಚಿಕ್ಕವನಾಗಿದ್ದಾಗ ಹೇಗಿದ್ದ, ಮೊದಲ ಮೋಡ ನೇಯ್ದಾಗ ಏನು ಹೇಳಿದ, ಯಾವುದಕ್ಕೆ ಹೆದರುತ್ತಿದ್ದ, ಅವಳಿಗೇನು ಗೊತ್ತು? ಅದನ್ನೆಲ್ಲ ಕಂಡವನು ಈ ಮೂರು ಲೋಕದಲ್ಲಿ ಇವನೊಬ್ಬನೇ ಉಳಿದಿದ್ದ. ಇವನನ್ನು ಕೊಂದರೆ ಅಪ್ಪನ ಅರ್ಧ ಬದುಕು ಇವನ ಜೊತೆ ಮಣ್ಣಿಗೆ ಹೋಗುತ್ತದೆ.

"ಆದ್ದರಿಂದ ಕೆಂಚಿ ಲಾಳಿ ಕೆಳಗಿಟ್ಟು, ಎದುರು ಕೂತು, ಹೇಳು ಅಂದಳು. ಅವನು ಹೇಳಿದ. ಹೇಳಿ ಮುಗಿಯೋಕೆ ಎಷ್ಟೋ ದಿನ ಬೇಕಾಯ್ತು. ಸೊಂಟದಲ್ಲಿದ್ದ ಅರ್ಧ ಮೋಡವನ್ನು ಅವಳು ಅಲ್ಲೇ ಕೂತು ನೇಯ್ದು ಮುಗಿಸಿದಳು."

ಕೂಡಲೇ ಗಲಾಟೆ ಶುರುವಾಯಿತು.

"ಅಷ್ಟೇನಾ? ಎರಡು ತಿಂಗಳು ಲಾಳಿ ಮಸೆದಿದ್ದು ಇದಕ್ಕಾ?" ಸಾಂತಿಯಕ್ಕ ಎದ್ದೇ ನಿಂತಳು. "ಒಂದು ಏಟಾದ್ರೂ ಬೇಡವಾ? ಒಂದು ಕಪಾಳಕ್ಕೆ?"

"ಸೆರಿ ಅಕ್ಕಾ. ಒಂದು ಏಟು ಕೊಟ್ಟಳು."

"ಎರಡು!" ಎಂದರು ತಮಿಳಿನ ಇಬ್ಬರೂ.

ಡ್ರೈವರ್ ವ್ಯಾನನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಹಿಂದಕ್ಕೆ ತಿರುಗಿ, ಬಹಳ ಗಂಭೀರವಾಗಿ ಹೇಳಿದ: "ಮೂರು. ಮೂರು ಸಲ ತಟ್ಟಿದ್ದಲ್ಲವಾ? ಮೂರು ಏಟು ಬಿದ್ದರೇ ನ್ಯಾಯ."

ಹನ್ನೊಂದು ಮಂದಿಯೂ ಒಪ್ಪಿದರು. ಕೆಂಚಿ ಬೈರನಿಗೆ ಮೂರು ಏಟು ಕೊಟ್ಟಳು. ಮೂರನೆಯದಕ್ಕೆ ಅವನ ಮೀಸೆ ಉದುರಿಹೋಯಿತು. ಹುಲಿಗೆಮ್ಮ ಕಣ್ಣೊರೆಸಿಕೊಂಡು, "ಆತ್ರೀ, ಇನ್ನ ಆ ಕತ್ತಿ ಏನಾತು ಹೇಳ್ರಿ, ಅದರ ಕಿವಿ ಗಿಡ್ಡ ಆತೋ ಇಲ್ಲೋ?" ಎಂದಳು. ಕಂಪನಿಗೆ ಹತ್ತು ನಿಮಿಷ ತಡವಾಯಿತು. ಎಲ್ಲರೂ ಒಂದೇ ಬಾಯಲ್ಲಿ ಟ್ರಾಫಿಕ್ ಎಂದರು.

ಭಾನುವಾರ ಮಧ್ಯಾಹ್ನ ಅಂಗಪ್ಪನ್ ಬಂದ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು. ಬಾಗಿಲ ಹೊರಗೆ ಚಪ್ಪಲಿ ಬಿಡಬೇಕೋ ಬೇಡವೋ ಎಂಬಂತೆ ನಿಂತ. ತಂಗಮಣಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಬೀದಿಯವರೆಲ್ಲ ನೋಡ್ತಿದ್ದಾರೆ. ಒಳಗೆ ಬನ್ನಿ, ಒಳಗೇ ಬೈತೀನಿ."

ಬೈದಳು. ಎಲೆ ಹಾಕುತ್ತ ಬೈದಳು, ಪಲ್ಯ ಬಡಿಸುತ್ತ ಬೈದಳು. ಅನ್ನಕ್ಕೆ ತುಪ್ಪ ಹಾಕುವಾಗ ಅವಳ ದನಿ ಒಡೆಯಿತು. ಅಂಗಪ್ಪನ್ ಉಣ್ಣದೆ ಎಲೆಯ ಮುಂದೆ ಕೂತು ಹೆಗಲು ಅಲುಗಿಸುತ್ತ ಅತ್ತ. ಮೂವರೂ ಅತ್ತರು. ಆಮೇಲೆ ತಂಗಮಣಿ ಮೂಗು ಸೀಟಿ, "ಸಾಕು, ಸಾಂಬಾರು ಆರ್ತಿದೆ" ಎಂದಳು.

ಸಾಂಬಾರು ಮುಗಿಯುವ ಹೊತ್ತಿಗೆ ಅವನ ಹಳೆಯ ನಗು ಸ್ವಲ್ಪ ಸ್ವಲ್ಪವೇ ವಾಪಸು ಬಂದಿತ್ತು. ಕುಮರೇಶನ್ ಮದುವೆಗೆ ಎರಡು ದಿನ ಮೊದಲು ಇಬ್ಬರೂ ಗಾಂಧಿಪುರಂ ಪೇಟೆಗೆ ಮದುವೆಯ ಶರ್ಟು ತರಲು ಹೋದ ಕಥೆ ಹೇಳುತ್ತಿದ್ದ. ವಾಪಸು ಬರುವಾಗ ಪಲ್ಲಡಂ ಬಸ್ಸೆಂದು ಇವರು ಹತ್ತಿದ್ದು ಸತ್ಯಮಂಗಲದ ಬಸ್ಸು. ಹತ್ತಿದವರೇ ನಿದ್ದೆ. ಎಚ್ಚರವಾದಾಗ ಸತ್ಯಮಂಗಲ.

"ನನಗೆ ಅವರು ಅಲ್ಲಿ ಗುಡಿಯ ಬಣ್ಣಾರಿ ಅಮ್ಮನಿಗೆ ಹರಕೆ ಇತ್ತು ಅಂದಿದ್ರು!" ಎಂದಳು ತಂಗಮಣಿ.

"ಹರಕೆಯೂ ಇಲ್ಲ, ಏನೂ ಇಲ್ಲ. ಕೇಳು, ಅಲ್ಲಿ ಇನ್ನೊಂದು ಬಸ್ಸು ನಿಂತಿತ್ತು. ಬೋರ್ಡು ಕನ್ನಡದಲ್ಲಿತ್ತು. ಇಬ್ಬರಿಗೂ ಓದೋಕೆ ಬರಲ್ಲ. ಇವನು ಕಂಡಕ್ಟರು ಮಾತಾಡೋದು ಕೇಳಿ, ಲೋ ಅಂಗು, ಇದು ನಮ್ಮ ಭಾಷೆ ಬಸ್ಸು ಕಣೋ, ನಮ್ಮೂರಿಗೇ ಹೋಗ್ತದೆ, ಹತ್ತು ಅಂದ..."

ತಂಗಮಣಿ ಬಾಯಿಗೆ ಸೆರಗು ಅಡ್ಡ ಹಿಡಿದು ನಗತೊಡಗಿದಳು. ಅಂಗಪ್ಪನ್‌ನ ಎಲೆಯಲ್ಲಿ ಅನ್ನ ಹಾಗೇ ಇತ್ತು, ರಸಂ ಮುಗಿದಿತ್ತು. ಇಲಕ್ಕಿಯಾ ರಸಂ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಓಡಿದಳು, ಅಲ್ಲಿಂದಲೇ ಕೂಗಿದಳು:

"ಮಾಮಾ, ನಾನು ಬರೋವರೆಗೂ ಆ ಬಸ್ಸು ಹೊರಡಬಾರದು!"